ಬಡಿತದ ಪುಸ್ತಕ

ಫೆಬ್ರವರಿ 9, 1992

ದೊಡ್ಡಪ್ಪನವರಿಗೆ ನಿಮ್ಮ ಗುಬ್ಬಿಯ ನಮಸ್ಕಾರ.

ಬಂದು ಸೇರಿದ್ದೇನೆ. ಎಲ್ಲಿಗೆ ಅಂತ ತಿಳಿದರೆ ನೀವು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತೀರಿ, ಗೊತ್ತು. ಹೌದು, ಹಳೆಯ ರೇಸ್ ಟ್ರ್ಯಾಕಿಗೇ. ಟ್ರ್ಯಾಕ್ಟರ್ ಮಾರುವ ಒಬ್ಬರು ಈ ಜಾಗ ಕೊಂಡಿದ್ದಾರೆ. ಮೂವತ್ತೊಂದು ವರ್ಷದಿಂದ ಮುಚ್ಚಿದ್ದ ಗೇಟನ್ನು ಏಪ್ರಿಲ್ ಹನ್ನೆರಡಕ್ಕೆ ಒಂದು ದಿನದ ಮಟ್ಟಿಗೆ ತೆರೆಯುತ್ತಾರಂತೆ. ನಾನು ರಸ್ತೆ ಇಲಾಖೆಯಲ್ಲಿ ನಕ್ಷೆ ಬರೆಯುವವಳು ಅಂತ ತಿಳಿದು, ಟ್ರ್ಯಾಕನ್ನು ಅಳೆದು ನಕ್ಷೆ ಮಾಡಿ, ಅದರ ಚರಿತ್ರೆಯನ್ನೂ ಒಂದು ಪುಸ್ತಿಕೆಯಾಗಿ ಬರೆದುಕೊಡಿ ಎಂದರು. ಎರಡು ತಿಂಗಳು ರಜೆ ಹಾಕಿದೆ. ನಿಮ್ಮನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ, ಅದಕ್ಕೇ ಕೇಳಲಿಲ್ಲ. ಬೈಯುವುದಿದ್ದರೆ ಮುಂದಿನ ಪತ್ರದಲ್ಲಿ ಎಲ್ಲ ಸೇರಿಸಿ ಒಟ್ಟಿಗೆ ಬೈದುಬಿಡಿ.

ನನ್ನ ವಾಸ ಟಿಕೆಟ್ ಕೌಂಟರಿನ ಮೇಲಿನ ಕೋಣೆಯಲ್ಲಿ, ಗಡಿಯಾರ ಹಿಡಿದು ಸುತ್ತು ಲೆಕ್ಕ ಹಾಕುವವರು ಕೂರುತ್ತಿದ್ದ ಜಾಗ. ಕಿಟಕಿಗೆ ಗಾಜಿಲ್ಲ, ರಟ್ಟು ಹೊಡೆದಿದ್ದೇನೆ. ಗೋಡೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಸಮಯ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದಾರೆ. ನಿಜ ಹೇಳುತ್ತೇನೆ ದೊಡ್ಡಪ್ಪ, ಇಲ್ಲಿ ಭಯವಾಗುತ್ತದೆ. ದೆವ್ವದ ಭಯವಲ್ಲ. ಇಷ್ಟು ಅಗಲದ ರಸ್ತೆ, ಎಲ್ಲಿಗೂ ಹೋಗುವುದಿಲ್ಲ, ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಸಂಜೆ ಗಾಳಿಗೆ ಒಣಹುಲ್ಲು ಡಾಂಬರಿನ ಮೇಲೆ ಉಜ್ಜಿಕೊಂಡು ಹೋದರೆ ಹಿಂದಿನಿಂದ ಏನೋ ಬರುತ್ತಿದೆ ಅನ್ನಿಸುತ್ತದೆ. ಪ್ರತಿ ಸಲವೂ ತಿರುಗಿ ನೋಡುತ್ತೇನೆ. ಪ್ರತಿ ಸಲವೂ ಏನೂ ಇರುವುದಿಲ್ಲ.

ತಿರುವುಗಳ ಅಡ್ಡಹೆಸರುಗಳನ್ನು ಊರಿನ ಹಿರಿಯರಿಂದ ಬರೆದುಕೊಂಡೆ. ಮೂರನೆಯದು ಅತ್ತೆ ತಿರುವಂತೆ, ದೂರದಿಂದ ನಗುನಗುತ್ತಾ ಕರೆದು ಹತ್ತಿರ ಬಂದ ಮೇಲೆ ಬಣ್ಣ ತೋರಿಸುತ್ತಿತ್ತಂತೆ. ಐದನೆಯದು ಕ್ಷೌರದ ತಿರುವು, ಕಾರು ಬೇಲಿಯನ್ನು ಕತ್ತಿಯಂತೆ ಸವರಿಕೊಂಡು ಹೋಗುತ್ತಿತ್ತಂತೆ. ಏಳಕ್ಕೆ ಮಾತ್ರ ಯಾರೂ ಹೆಸರಿಟ್ಟಿಲ್ಲ. ಅದು ಅಪ್ಪ ಹೋದ ತಿರುವು, ಅದಕ್ಕೇ ಇರಬೇಕು.

ಒಂದು ನಿಧಿ ಸಿಕ್ಕಿದೆ. ಮೆಟ್ಟಿಲ ಕೆಳಗಿನ ತುಕ್ಕು ಹಿಡಿದ ಪೆಟ್ಟಿಗೆಯಲ್ಲಿ ನಿಮ್ಮ ಗುಂಡಗಿನ ಅಕ್ಷರದ 'ಬಡಿತದ ಪುಸ್ತಕ'. ರೇಸಿನ ದಿನ ಬೆಳಿಗ್ಗೆ ಟ್ರ್ಯಾಕಿನ ಮೇಸ್ತ್ರಿ ಉದ್ದ ಹಿಡಿಯ ಮರದ ಕೊಡತಿ ಹಿಡಿದು ಇಡೀ ಸುತ್ತು ನಡೆದು, ಗುರುತು ಮಾಡಿದ ಇನ್ನೂರ ಹದಿನಾಲ್ಕು ಜಾಗದಲ್ಲಿ ನೆಲ ಬಡಿದು, ಕಿವಿಗೊಟ್ಟು ಕೇಳಿ, ಸರಿಯಿದ್ದರೆ ಗೀಟು ಹಾಕಿ, ಕೊನೆಗೆ ಸಹಿ ಹಾಕಬೇಕು. ನೀವು ಸಹಿ ಹಾಕದೆ ಒಂದು ಕಾರೂ ಹೊರಡುತ್ತಿರಲಿಲ್ಲವಂತೆ. ನೀವು ಇಷ್ಟು ದೊಡ್ಡ ಮನುಷ್ಯ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಈಗ ನನ್ನ ಕಷ್ಟ. ಪುಸ್ತಿಕೆಯ ಕೊನೆಯ ಪುಟ ಅಪ್ಪನದು. ವಿಚಾರಣೆಯ ವರದಿಯಲ್ಲಿ ಎರಡೇ ಪದ ಇದೆ, 'ಚಾಲಕನ ತಪ್ಪು'. ಅಮ್ಮ ಅವತ್ತು ಪೆಟ್ಟಿಗೆಗೆ ಹಾಕಿದ ಅಪ್ಪನ ಫೋಟೋವನ್ನು ಇವತ್ತಿಗೂ ಹೊರಗೆ ತೆಗೆದಿಲ್ಲ. "ಹೊಟ್ಟೇಲಿ ಒಂದು ಕೂಸಿದೆ ಅಂತ ಗೊತ್ತಿದ್ದೂ ಹಾರಿಸ್ಕೊಂಡು ಹೋದ್ರು" ಅನ್ನುತ್ತಾಳೆ. ನೀವು ಅವತ್ತು ಇಲ್ಲೇ ಇದ್ದಿರಿ. ಅಪ್ಪ ಅಷ್ಟು ಅವಿವೇಕಿಯಾಗಿದ್ದರಾ? ನಾನು ಏನು ಬರೆಯಲಿ?

ಗಾಬರಿಯಾಗಬೇಡಿ, ಹನ್ನೆರಡಕ್ಕೆ ರೇಸ್ ಏನಿಲ್ಲ. ಹಳೆಯ ಕಾರುಗಳು ಸೈಕಲ್ಲಿನ ವೇಗದಲ್ಲಿ ಒಂದು ಸುತ್ತು ಬರುತ್ತವೆ, ಅಷ್ಟೇ.

ಗುಬ್ಬಿ

*

ಫೆಬ್ರವರಿ 17, 1992

ಗುಬ್ಬಿಗೆ ಆಶೀರ್ವಾದ.

ನಿನ್ನ ಪತ್ರ ಬಂತು. ಅಂಗಡಿಯಲ್ಲಿ ಗರಗಸ ಸಾಣೆ ಹಿಡಿಯುತ್ತಿದ್ದೆ, ನಿಲ್ಲಿಸಿ ಓದಿದೆ. ಆಮೇಲೆ ಅವತ್ತು ಕೆಲಸ ಮಾಡಲಿಲ್ಲ.

ಚರಿತ್ರೆ ಬೇಕೆಂದೆಯಲ್ಲ, ಬರೆದುಕೋ. 1950. ಗಿರಣಿ ಯಜಮಾನರಿಗೆ ಕಾರಿನ ಹುಚ್ಚು. ಊರಾಚೆ ಹಾಳುಬಿದ್ದಿದ್ದ ಒಂದು ತೋಟವನ್ನು ಕೊಂಡು, ಮೂರು ತಿಂಗಳಲ್ಲಿ ಟ್ರ್ಯಾಕ್ ಆಗಬೇಕು ಎಂದರು. ನನಗೆ ಆಗ ಮೂವತ್ತು, ರಸ್ತೆ ಕೆಲಸದಲ್ಲಿ ಕೈ ಪಳಗಿತ್ತು, ತಲೆಗೆ ಕೊಬ್ಬೂ ಇತ್ತು. ಆಗುತ್ತದೆ ಎಂದೆ. ಆಯಿತು. ಮೊದಲ ರೇಸಿಗೆ ಒಂಬತ್ತು ಕಾರು, ಮುಗಿಸಿದ್ದು ನಾಲ್ಕು. ಒಬ್ಬ ಬೇಲಿ ಮುರಿದುಕೊಂಡು ಪಕ್ಕದ ಹೊಲಕ್ಕೆ ಹೋದವನು ನಡೆದುಕೊಂಡು ವಾಪಸ್ಸು ಬಂದು, "ಟೀ ಸಿಗುತ್ತಾ?" ಎಂದು ಕೇಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹನ್ನೊಂದು ವರ್ಷ ನಡೆಯಿತು. ಇದನ್ನೆಲ್ಲ ಬರೆ, ಓದುವವರಿಗೆ ಹಿಡಿಸುತ್ತದೆ.

ಕೊನೆಯ ಪುಟ ಬೇಡ. 1961ರಲ್ಲಿ ಮುಚ್ಚಿತು ಎಂದು ಬರೆದು ನಿಲ್ಲಿಸು. ಸತ್ತವರನ್ನು ಎಬ್ಬಿಸಿ ಕೂರಿಸಿ ಪ್ರಶ್ನೆ ಕೇಳಬಾರದು. ನಿಮ್ಮಪ್ಪ ಒಳ್ಳೆಯ ಚಾಲಕ. ಅಷ್ಟು ಸಾಕು.

ಪುಸ್ತಕಕ್ಕೆ ಹುಳು ಹಿಡಿದಿರುತ್ತದೆ, ಒಲೆಗೆ ಹಾಕು.

ಎಷ್ಟು ಕಾರು? ಒಂದೊಂದೂ ಎಷ್ಟು ತೂಕ? ಸೈಕಲ್ ವೇಗ ಅಂತ ಬರೆದಿದ್ದೀಯ, ಅದು ಖಂಡಿತವಾ? ನಿನ್ನ ಟ್ರ್ಯಾಕ್ಟರ್ ಯಜಮಾನರಿಗೆ ಒಂದು ಮಾತು ಹೇಳು. ಆರನೇ ತಿರುವಿನಿಂದ ಎಂಟಕ್ಕೆ, ಬೆಂಕಿ ಆರಿಸುವ ಲಾರಿಗೆಂದು ಒಂದು ಅಡ್ಡದಾರಿ ಮಾಡಿದ್ದೆವು. ಮೆರವಣಿಗೆ ಅದರಲ್ಲೇ ಹೋಗಲಿ. ಏಳು ಯಾಕೆ ಬೇಕು, ಸುಮ್ಮನೆ ಪೆಟ್ರೋಲು ದಂಡ.

ದೊಡ್ಡಪ್ಪ

*

ಮಾರ್ಚ್ 1, 1992

ದೊಡ್ಡಪ್ಪ,

ನೀವು ಬೈಯಲೇ ಇಲ್ಲ. ಅದೇ ನನಗೆ ಹೆದರಿಕೆ. ಅಮ್ಮ ಈಗ ಇಲ್ಲೇ ಊರೊಳಗೆ ಬಂದು ಉಳಿದಿದ್ದಾಳೆ, ಅವಳಿಗೆ ನಿಮ್ಮ ಪತ್ರ ಓದಿ ಹೇಳಿದೆ. "ಪಾಪ, ಭಾವನಿಗೆ ಇನ್ನೂ ತಮ್ಮನ ಸಂಕಟ ಹೋಗಿಲ್ಲ, ನೀನು ಕೆದಕಬೇಡ" ಎಂದು ಕಣ್ಣೊರೆಸಿಕೊಂಡಳು. ಕ್ಷಮಿಸಿ. ಆದರೆ ಪುಸ್ತಕವನ್ನು ಒಲೆಗೆ ಹಾಕುವುದಿಲ್ಲ. ದೊಡ್ಡವರ ವಿನಯವನ್ನೆಲ್ಲ ಕೇಳುತ್ತಾ ಕೂತರೆ ಚರಿತ್ರೆ ಬರೆದ ಹಾಗೆಯೇ.

ಅಡ್ಡದಾರಿಯ ಮಾತು ಯಜಮಾನರಿಗೆ ಹೇಳಿದೆ. ಒಪ್ಪಲಿಲ್ಲ. ಜನ ಕೂರುವ ಮೆಟ್ಟಿಲು ಕಟ್ಟುತ್ತಿರುವುದೇ ಏಳರ ಎದುರಿಗೆ. ಕಾರು ಆರು, ತೂಕ ಒಂದೊಂದು ಸಾವಿರ ಕಿಲೋ ಒಳಗೇ. ನಿಮ್ಮ ಹಳೆಯ ಕಸುಬು ಬಿಡಲೊಲ್ಲದು ನೋಡಿ, ಮೆರವಣಿಗೆ ಎಂದರೂ ತೂಕ ಕೇಳುತ್ತೀರಿ.

ಹೋದ ವಾರ ಎರಡು ದಿನ ಬಿಡದೆ ಮಳೆ. ಟ್ರ್ಯಾಕಿನ ತುಂಬ ಅಲ್ಲಲ್ಲಿ ನೀರು ನಿಂತಿತು, ಮೂರು ದಿನವಾದರೂ ಇಂಗಲಿಲ್ಲ. ಏಳನೇ ತಿರುವಿನ ಒಳಬದಿಯಲ್ಲಿ, ಒಳಗೆರೆ ಅನ್ನುತ್ತಾರಲ್ಲ, ಅಲ್ಲಿ ಮಾತ್ರ ಒಂದು ಗಂಟೆಯಲ್ಲಿ ಒಣಗಿತು. ಇಷ್ಟು ಚೆನ್ನಾಗಿ ನೀರು ಹರಿದುಹೋಗುವ ಹಾಗೆ ಕಟ್ಟಿದ್ದೀರಲ್ಲ ಅಂತ ಕೆಲಸದವರಿಗೆ ಹೆಮ್ಮೆಯಿಂದ ತೋರಿಸಿದೆ. ಅಲ್ಲೇ ಕೂದಲೆಳೆಯಷ್ಟು ಒಂದು ಬಿರುಕಿದೆ, ಕಮಾನಿನಂತೆ ಬಾಗಿದೆ. ಡಾಂಬರು ಹೊಯ್ದು ಮುಚ್ಚಿದರೆ ಎರಡು ದಿನಕ್ಕೆ ಮತ್ತೆ ಬಾಯಿ ಬಿಡುತ್ತದೆ. ಮೆಕ್ಯಾನಿಕ್ ಒಬ್ಬ ಕಾರು ಪರೀಕ್ಷೆ ಮಾಡಲು ಒಂದು ಸುತ್ತು ಹೋಗಿ ಬಂದು, "ಏಳರಲ್ಲಿ ಚಕ್ರದ ಸದ್ದೇ ಬದಲಾಗುತ್ತೆ" ಅಂದ. ಅಪ್ಪ ಹೋದ ಜಾಗವಲ್ಲವಾ, ಏನು ಕಂಡರೂ ಎದೆ ಹಾರುತ್ತದೆ.

ಒಂದು ಪ್ರಶ್ನೆ. ಬೇರೆಲ್ಲ ತಿರುವಿನಲ್ಲೂ ಒಳಗೆ, ನಡುವೆ, ಹೊರಗೆ ಅಂತ ಮೂರು ಕಡೆ ಬಡಿತ ಇದೆ. ಏಳರಲ್ಲಿ ಮಾತ್ರ ಮೂರೂ ಬಡಿತ ಹೊರಗೆರೆಯಲ್ಲೇ. ಕಾರುಗಳು ಅಲ್ಲಿ ಹೊರಕ್ಕೆ ಜಾರುತ್ತಿದ್ದವು, ಅದಕ್ಕೆ ಆ ಕಡೆಗೇ ನಿಗಾ ಅಂತ ನನ್ನ ಊಹೆ. ಸರಿಯಾ?

ಗುಬ್ಬಿ

*

ಮಾರ್ಚ್ 9, 1992

ಗುಬ್ಬಿಗೆ,

ನಿನ್ನ ಊಹೆ ಸರಿ. ಹೊರಕ್ಕೆ ಜಾರುತ್ತಿದ್ದವು.

ನೀರು ಇಂಗುವುದು ಒಳ್ಳೆಯ ಲಕ್ಷಣ. ಬಿರುಕು ಬಿಸಿಲಿನದು. ಹಳೆಯ ಡಾಂಬರು ಹಳೆಯ ಮನುಷ್ಯನ ಹಾಗೆ, ಸುಕ್ಕು ಬರುತ್ತದೆ. ನೆಲ ಸರಿಯಿದೆ. ಸೈಕಲ್ ವೇಗಕ್ಕೆ, ಸಾವಿರ ಕಿಲೋ ತೂಕಕ್ಕೆ ಏನೂ ಆಗುವುದಿಲ್ಲ. ನಿಮ್ಮಮ್ಮನಿಗೂ ಹಾಗೆಂದೇ ಹೇಳು.

ಆದರೂ ಕಾರುಗಳು ಅಲ್ಲಿ ಹೊರಗೆರೆಯ ಮೇಲೆಯೇ ಹೋಗಲಿ, ಒಂದಾದ ಮೇಲೆ ಒಂದು, ನಡುವೆ ಅಂತರವಿಟ್ಟು. ಒಳಗೆರೆಯಲ್ಲಿ ಕೆಲಸದವರು ಜಲ್ಲಿಗಿಲ್ಲಿ ರಾಶಿ ಹಾಕದಿರಲಿ. ನೀನೂ ಅಲ್ಲಿ ಹೋಗಿ ನಿಲ್ಲಬೇಡ. ಹುಲ್ಲಿನಲ್ಲಿ ಹಾವಿರುತ್ತದೆ.

ನಾನು ಆರಾಮಾಗಿದ್ದೇನೆ. ಕೈ ಸ್ವಲ್ಪ ನಡುಗುತ್ತದೆ, ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ವಯಸ್ಸು, ಬೇರೇನಿಲ್ಲ.

ದೊಡ್ಡಪ್ಪ

*

ಮಾರ್ಚ್ 24, 1992 (ಕಾರ್ಡು)

ಗುಬ್ಬಿ, ನಿನ್ನ ಪತ್ರವಿಲ್ಲ. ಬಿರುಕು ಎಷ್ಟಾಯಿತು? ಉದ್ದವಾಯಿತಾ, ಅಗಲವಾಯಿತಾ? ಚಕ್ರದ ಸದ್ದು ಬದಲಾಗುತ್ತದೆ ಎಂದ ಮೆಕ್ಯಾನಿಕ್ ಎಂಥವನು, ಎಷ್ಟು ಜೋರಾಗಿ ಓಡಿಸಿದ್ದ? ಎರಡು ಸಾಲಾದರೂ ಬರೆ. ದೊಡ್ಡಪ್ಪ.

*

ಏಪ್ರಿಲ್ 6, 1992

ದೊಡ್ಡಪ್ಪನವರಿಗೆ,

ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣ ಕೆಲಸವಲ್ಲ. ನಿಮಗೆ ಸುಳ್ಳು ಬರೆಯುವುದು ಕಷ್ಟವಾಗತೊಡಗಿತು, ಅದಕ್ಕೆ ಬರೆಯುವುದನ್ನೇ ಬಿಟ್ಟೆ. ಈಗ ಅಮ್ಮ, "ಅವರಿಗೆ ಗೊತ್ತಾಗದೆ ಈ ಕೆಲಸ ಆಗಬಾರದು, ನಮ್ಮನ್ನು ಬೀದಿಪಾಲಾಗದ ಹಾಗೆ ಸಾಕಿದವರು ಅವರು" ಎಂದು ಹಟ ಹಿಡಿದಿದ್ದಾಳೆ. ಸರಿ, ಹೇಳಿಬಿಡುತ್ತೇನೆ.

ಮೆರವಣಿಗೆ ಹೌದು, ಆದರೆ ಅದರ ನಂತರ ಒಂದು ಕಾರು ಒಂಟಿಯಾಗಿ ಹತ್ತು ಸುತ್ತು ಓಡುತ್ತದೆ. ಪೂರ್ತಿ ವೇಗದಲ್ಲಿ. ಅದು ಅಪ್ಪನ ಕಾರು. ಗುಜರಿಯಲ್ಲಿ ಕೊಳೆಯುತ್ತಿದ್ದದ್ದನ್ನು ಎರಡು ವರ್ಷ ಕೂತು ರಿಪೇರಿ ಮಾಡಿದ್ದು, ಓಡಿಸುವುದು, ಎರಡೂ ನಮ್ಮ 'ಗಡಿಬಿಡಿ'ಯೇ. ಹೌದು, ನನ್ನ ತಮ್ಮ, ನೀವು ಎತ್ತಿ ಆಡಿಸಿದ ಹುಡುಗ. ಅಪ್ಪನ ಮುಖವನ್ನೇ ನೋಡದವನು ಅಪ್ಪನ ಕಾರಿನಲ್ಲಿ ಅಪ್ಪ ಮುಗಿಸದ ಹತ್ತು ಸುತ್ತು ಮುಗಿಸುತ್ತಾನಂತೆ. ಮೆಕ್ಯಾನಿಕ್ ಅಂತ ನಿಮಗೆ ಬರೆದೆನಲ್ಲ, ಅವನೇ ಇವನು.

ಅಮ್ಮ ಮೂರು ದಿನ ಮಾತು ಬಿಟ್ಟಿದ್ದಳು. ಆಮೇಲೆ ನಿಮ್ಮ ಮಾರ್ಚ್ ಒಂಬತ್ತರ ಪತ್ರವನ್ನು ಎರಡು ಸಲ ಓದಿಸಿದಳು. "ನೆಲ ಸರಿಯಿದೆ ಅಂತ ಭಾವ ಬರೆದಿದ್ದಾರಲ್ಲ? ಅವರ ಪುಸ್ತಕದ ಪ್ರಕಾರ ಬಡಿದು ನೋಡು. ಅದೂ ಸರಿ ಅಂದ್ರೆ ಹೋಗ್ಲಿ" ಎಂದಳು. ನಿಮ್ಮ ಮಾತೆಂದರೆ ಅವಳಿಗೆ ಅಷ್ಟು.

ನಿನ್ನೆ ಬಡಿದೆ. ಅಧಿಕಾರಿಗಳಿಗೆ ವಾರ ಮುಂಚೆ ಕಾಗದ ಬೇಕಂತೆ. ಹೊಸ ಕೊಡತಿ ಮಾಡಿಸಿ, ಬೆಳಿಗ್ಗೆ ಆರಕ್ಕೆ ಶುರು ಮಾಡಿದೆ, ಇನ್ನೂರ ಹದಿನಾಲ್ಕು ಜಾಗ, ನಿಮ್ಮ ಹೆಜ್ಜೆಯ ಲೆಕ್ಕದಂತೆಯೇ. ಒಂದನ್ನೂ ಆಚೀಚೆ ಮಾಡಲಿಲ್ಲ. ಏಳಕ್ಕೆ ಬಂದೆ. ಮೂರು ಸಲ ಬಡಿದೆ, ಹೊರಗೆರೆಯಲ್ಲಿ, ನೀವು ಗುರುತು ಮಾಡಿದಲ್ಲಿಯೇ. ಟಣ್ ಎಂದಿತು, ಕಲ್ಲು ಬಡಿದ ಹಾಗೆ. ಅಲ್ಲೇ ಕೂತು ಅತ್ತುಬಿಟ್ಟೆ, ಸಮಾಧಾನಕ್ಕೆ. ನಿಮ್ಮ ಕೊನೆಯ ಸಹಿಯ ಮುಂದಿನ ಪುಟದಲ್ಲಿ ನನ್ನ ಸಹಿ ಹಾಕಿದ್ದೇನೆ. ಅಲ್ಲಿಗೆ ನೆಲದ ಚಿಂತೆ ಮುಗಿಯಿತು.

ಗಡಿಬಿಡಿ ಮಾತ್ರ ಇನ್ನೂ ರಾಗ ಎಳೆಯುತ್ತಾನೆ, "ಅಕ್ಕ, ಒಳಗೆರೆ ಹಿಡಿದು ಹೋದ್ರೆ ಚಕ್ರ ಒಂದು ಗಳಿಗೆ ಹಗುರಾಗುತ್ತೆ ಕಣೆ, ಕೆಳಗೆ ಏನೂ ಇಲ್ಲದ ಹಾಗೆ." ನಾನು ಹೇಳಿದೆ, "ನೆಲ ಸರಿಯಿದೆ ಕಣೋ, ನಿನ್ನ ಕೈ ಸರಿಯಿಲ್ಲ." ನಕ್ಕ.

ಹನ್ನೊಂದರಂದು ಬೆಳಿಗ್ಗೆ ಅವನ ಪೂರ್ತಿ ವೇಗದ ಅಭ್ಯಾಸ. ನೀವು ಬರುತ್ತೀರಾ? ಬಂದು ಅವನ ತಲೆಯ ಮೇಲೆ ಕೈಯಿಟ್ಟರೆ ನನ್ನ ಅರ್ಧ ಭಯ ಇಳಿಯುತ್ತದೆ. ಉಳಿದರ್ಧ ಯಾಕೆ ಅಂತ ನನಗೇ ಗೊತ್ತಿಲ್ಲ.

ಗುಬ್ಬಿ

*

ತಂತಿ. ಏಪ್ರಿಲ್ 10, 1992, ಮಧ್ಯಾಹ್ನ 3.50

ಹುಡುಗನನ್ನು ಓಡಿಸಬೇಡ. ಪುಸ್ತಕ ಸುಳ್ಳು. ಏಳರ ಒಳಗೆರೆ ಟೊಳ್ಳು. ಕೆಳಗೆ ಬಾವಿ. ದೊಡ್ಡಪ್ಪ.

*

ಏಪ್ರಿಲ್ 10, 1992

ಗುಬ್ಬಿ,

ತಂತಿ ಕೊಟ್ಟು ಬಂದು ಕೂತಿದ್ದೇನೆ. ಗುಮಾಸ್ತ, "ನಿಮ್ಮ ಕಡೆಯ ಊರಿಗೆ ಇವತ್ತೇ ಮುಟ್ಟುತ್ತೆ ಅಂತ ಹೇಳೋಕಾಗಲ್ಲ, ನಾಳೆ ಬೆಳಿಗ್ಗೆ" ಎಂದ. ಬೆಳಿಗ್ಗೆ ಎಂದರೆ ಎಷ್ಟು ಗಂಟೆ ಎಂದು ಕೇಳಿದೆ. ಅವನು ಹೇಳಿದ್ದು ನನ್ನ ಕಿವಿಗೆ ಕೇಳಿಸಲಿಲ್ಲ. ಮತ್ತೆ ಕೇಳಿದೆ. "ಅಜ್ಜ, ಕೂಗಬೇಡಿ" ಎಂದ. ರಾತ್ರಿಯ ಬಸ್ಸು ಹಿಡಿದರೂ ನಾನು ಅಲ್ಲಿಗೆ ತಲುಪುವುದು ನಾಡಿದ್ದು. ಅದಕ್ಕೇ ಬರೆಯುತ್ತಿದ್ದೇನೆ. ಈ ಪತ್ರ ನಿನ್ನ ಕೈಸೇರುವ ಹೊತ್ತಿಗೆ ಏನಾಗಿರಬೇಕೋ ಅದು ಆಗಿಹೋಗಿರುತ್ತದೆ.

ಅದು ತೋಟವಾಗಿತ್ತು ಎಂದು ಬರೆದಿದ್ದೆನಲ್ಲ. ತೋಟವಿದ್ದಲ್ಲಿ ಬಾವಿ ಇರುತ್ತದೆ ಎಂದು ನೀನು ಕೇಳುತ್ತೀಯೇನೋ ಎಂದು ಕಾದೆ. ನೀನು ಕೇಳಲಿಲ್ಲ. ಬಾವಿ ಸರಿಯಾಗಿ ಏಳನೇ ತಿರುವಿನ ಒಳಗೆರೆಯಲ್ಲಿ ಬಂತು. ತಳದಿಂದ ಕಲ್ಲು, ಮಣ್ಣು ತುಂಬಿಸಿ, ಒಂದೊಂದು ಪದರವನ್ನೂ ದಮ್ಮಸು ಹೊಡೆದು ಗಟ್ಟಿ ಮಾಡಬೇಕಿತ್ತು. ಹದಿನೈದು ದಿನದ ಕೆಲಸ. ಮೊದಲ ರೇಸಿಗೆ ಉಳಿದಿದ್ದು ಮೂರು ದಿನ. ಆಗುತ್ತದೆ ಎಂದು ಬಾಯಿ ಬಿಟ್ಟಿದ್ದವನು ನಾನು, ಆಗಲಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ರೈಲು ಹಳಿಯ ಕೆಳಗೆ ಹಾಕುವ ಮರದ ದಿಮ್ಮಿಗಳನ್ನು ಬಾವಿಯ ಬಾಯಿಗೆ ಅಡ್ಡ ಹಾಸಿ, ಜಲ್ಲಿ ಹಾಕಿ, ಡಾಂಬರು ಎಳೆದೆ. ರೇಸ್ ಮುಗಿಯಲಿ, ಆಮೇಲೆ ತುಂಬಿಸುತ್ತೇನೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಆಮೇಲೆ ಎನ್ನುವುದು ಹನ್ನೊಂದು ವರ್ಷ ಬರಲಿಲ್ಲ.

ಮೊದಲ ವರ್ಷ ಅಲ್ಲಿ ಬಡಿದಾಗ ಡಬ್ ಎಂದಿತು. ಆ ಸದ್ದು ತಡೆಯಲಾಗಲಿಲ್ಲ. ಎರಡನೇ ವರ್ಷ ಹೊಸ ಪುಸ್ತಕ ಹೊಲಿಸಿ, ಏಳರ ಗುರುತುಗಳನ್ನೆಲ್ಲ ಹೊರಗೆರೆಗೆ ಸರಿಸಿದೆ. ಕೇಳಿಸದಿದ್ದರೆ ಅದು ಇಲ್ಲ ಎಂದುಕೊಂಡೆ. ಪ್ರಾಮಾಣಿಕವಾಗಿ ಬಡಿದೆ ಗುಬ್ಬಿ, ಗೀಟು ಹಾಕಿದ ಒಂದೊಂದು ಜಾಗದಲ್ಲೂ ನಿಜವಾಗಿ ಬಡಿದೆ. ಬಡಿಯದಿದ್ದದ್ದು ಅದೊಂದೇ ಕಡೆ.

1961ರ ಬೆಳಿಗ್ಗೆ ಅಭ್ಯಾಸ ಮುಗಿಸಿ ನಿಮ್ಮಪ್ಪ ನನ್ನ ಹತ್ತಿರ ಬಂದ. "ಅಣ್ಣಾ, ಏಳರಲ್ಲಿ ನೆಲ ಕುಸಿದಿದೆ ಅನ್ಸುತ್ತೆ, ಚಕ್ರ ಗಾಳಿಯಲ್ಲಿರೋ ಹಾಗಾಗುತ್ತೆ, ಒಂದು ಸಲ ನೋಡು" ಎಂದ. ನಾನು ನೋಡಿದ್ದೆ. ದಿಮ್ಮಿ ಕೊಳೆತು ನಾಲ್ಕು ಬೆರಳು ತಗ್ಗಾಗಿತ್ತು. ನಾನು ಅವನಿಗೆ, "ನೆಲ ಸರಿಯಿದೆ, ನಿನ್ನ ಕೈ ಸರಿಯಿಲ್ಲ" ಎಂದೆ.

ನಿನ್ನ ಪತ್ರದಲ್ಲಿ ಅದೇ ಮಾತು ಓದಿದೆ. ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ಅದು ನಿನಗೆ ಎಲ್ಲಿಂದ ಬಂತು? ನಾನು ಯಾರ ಮುಂದೆಯೂ ಹೇಳಿದ್ದಿಲ್ಲ.

ಅವನು ಹತ್ತು ಸುತ್ತಿನಲ್ಲಿ ಒಂದು ಬಾಕಿ ಇರುವಾಗ ಹೋದ. ಮರುದಿನ ವಿಚಾರಣೆಯವರು ಬರುವ ಮೊದಲು ನಾನು ಆ ತಗ್ಗಿಗೆ ಡಾಂಬರು ತುಂಬಿ ಮಟ್ಟ ಮಾಡಿದ್ದೆ. ತಮ್ಮನ ಹೆಣ ಮನೆಯಲ್ಲಿತ್ತು, ಅಣ್ಣ ರಸ್ತೆ ರಿಪೇರಿ ಮಾಡುತ್ತಿದ್ದ. "ಮೇಸ್ತ್ರಿ, ನೆಲ ಹೇಗಿತ್ತು?" ಎಂದು ಕೇಳಿದರು. ಸರಿಯಿತ್ತು ಎಂದೆ. ಅಷ್ಟಕ್ಕೇ ಅವರು ಆ ಎರಡು ಪದ ಬರೆದರು.

ಸೈಕಲ್ ವೇಗ ಎಂದು ನೀನು ಬರೆದೆ. ಅಷ್ಟನ್ನು ದಿಮ್ಮಿ ತಡೆಯುತ್ತದೆ, ಒಂದು ದಿನ ಕಳೆದರೆ ನನ್ನ ಜೀವಮಾನಕ್ಕೆ ಸಾಕು ಎಂದು ಲೆಕ್ಕ ಹಾಕಿದೆ. ನೀನು ಸುಳ್ಳು ಹೇಳಿದ್ದು ನನ್ನ ಎದೆ ಒಡೆಯಬಾರದೆಂದು. ನಾನು ಸುಳ್ಳು ಹೇಳಿದ್ದು ನನಗಾಗಿ. ಎರಡೂ ಒಂದೇ ಅಲ್ಲ.

ಮಗು ಬದುಕಿರಲಿ.

ದೊಡ್ಡಪ್ಪ

*

ಏಪ್ರಿಲ್ 16, 1992

ದೊಡ್ಡಪ್ಪ,

ಗಡಿಬಿಡಿ ಬದುಕಿದ್ದಾನೆ. ಇದನ್ನು ಮೊದಲು ಬರೆಯುತ್ತೇನೆ. ಇದೊಂದನ್ನು ತಿಳಿಸಲು ಅವತ್ತೇ ತಂತಿ ಕೊಡಬಹುದಿತ್ತು. ಕೊಡಲಿಲ್ಲ. ನೀವೂ ಒಂದಷ್ಟು ದಿನ ಕಾಯಿರಿ ಅನ್ನಿಸಿತು. ಇಷ್ಟು ಕೆಟ್ಟವಳು ನಾನು ಅಂತ ನನಗೆ ಗೊತ್ತಿರಲಿಲ್ಲ.

ಹನ್ನೊಂದರಂದು ಹನ್ನೊಂದು ಗಂಟೆಗೆ ಅಂಚೆಯವನು ಸೈಕಲ್ಲಿನಲ್ಲಿ ಬಂದ. ನಾನು ಟಿಕೆಟ್ ಕೌಂಟರಿನ ಹತ್ತಿರ ಇದ್ದೆ. ಗಡಿಬಿಡಿಯ ಮೂರನೇ ಸುತ್ತು ನಡೆಯುತ್ತಿತ್ತು. ಓದಿದೆ, ಅರ್ಥವಾಗಲಿಲ್ಲ. ಮತ್ತೆ ಓದಿದೆ. ಆಗ ಅತ್ತೆ ತಿರುವಿನ ಕಡೆಯಿಂದ ಅವನ ಸದ್ದು ಕೇಳಿಸಿತು. ಅಲ್ಲಿಂದ ಏಳಕ್ಕೆ ಅವನಿಗೆ ಒಂದು ನಿಮಿಷದ ದಾರಿ. ನನಗೆ ಹುಲ್ಲಿನಲ್ಲಿ ಅಡ್ಡ ಹೋದರೆ ಮುನ್ನೂರು ಹೆಜ್ಜೆ, ನಾನೇ ಅಳೆದದ್ದು. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯದು. ಬಾವುಟ ಇಲ್ಲ, ಶಿಳ್ಳೆ ಇಲ್ಲ, ಕೂಗಿದರೆ ಆ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ? ಅವನು ಒಳಗೆರೆ ಹಿಡಿದೇ ಬರುತ್ತಾನೆ ಅಂತ ಗೊತ್ತಿತ್ತು. ಹೋಗಿ ಒಳಗೆರೆಯ ಮೇಲೆ ನಿಂತೆ.

ಅಂಗಾಲಿನ ಕೆಳಗೆ ನೆಲ ನಡುಗಿತು. ಕಾರಿಗೋ ನನಗೋ ಗೊತ್ತಿಲ್ಲ. ಜೀವನದಲ್ಲಿ ಅಷ್ಟು ಹೆದರಿದ್ದಿಲ್ಲ. ಕೆಳಗೇನಿದೆ ಅಂತ ಗೊತ್ತು, ಎದುರಿಗೇನು ಬರುತ್ತಿದೆ ಅಂತ ಗೊತ್ತು, ಕಾಲು ಕೀಳಲು ಬರುವುದಿಲ್ಲ.

ಅವನು ನನ್ನನ್ನು ಕಂಡು ಹೊರಕ್ಕೆ ತಿರುಗಿಸಿದ. ಕಾರು ಎರಡು ಸುತ್ತು ಗಿರಕಿ ಹೊಡೆದು ಹುಲ್ಲಿನಲ್ಲಿ ನಿಂತಿತು. ಇಳಿದು, "ಹುಚ್ಚು ಹಿಡಿದಿದೆಯೇನೆ ನಿಂಗೆ!" ಎಂದು ಕಿರುಚಿಕೊಂಡು ಬಂದ. ತಂತಿಯನ್ನು ಅವನ ಕೈಗಿಟ್ಟೆ. ಓದಿ, ನನ್ನ ಕೈ ಹಿಡಿದು ಮೆಲ್ಲಗೆ, ಒಂದೊಂದೇ ಹೆಜ್ಜೆ, ಅಲ್ಲಿಂದ ಈಚೆಗೆ ಕರೆತಂದ. ಕೊಡತಿ ತರಿಸಿ, ಆಚೆ ನಿಂತು ಕೈ ಚಾಚಿ ಬಡಿದೆವು. ಖಾಲಿ ಮನೆಯ ಬಾಗಿಲು ತಟ್ಟಿದ ಹಾಗೆ ಕೇಳಿಸಿತು. ಕೆಲಸದವರು ಹಾರೆ ಹಾಕಿದರು. ತಟ್ಟೆಯಗಲದ ಡಾಂಬರಿನ ತುಂಡು ಒಳಕ್ಕೆ ಹೋಯಿತು. ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ನೀರಿನ ಸದ್ದು.

ಗಡಿಬಿಡಿ ಅಲ್ಲೇ ಕುಸಿದು ಕೂತ. "ಅಕ್ಕ, ನಾನು ಹೇಳಿದ್ದೆ" ಎಂದ. ಬೈಯಲಿಲ್ಲ, ಅಷ್ಟೇ ಹೇಳಿದ.

ನಿಮ್ಮ ಪತ್ರ ನಿನ್ನೆ ಬಂತು. ಆ ಮಾತು ನನಗೆ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ಎಲ್ಲಿಂದಲೂ ಅಲ್ಲ ದೊಡ್ಡಪ್ಪ. ನನ್ನ ಕೈಯಲ್ಲಿ ಸಹಿ ಹಾಕಿದ ಪುಸ್ತಕವಿತ್ತು. ಅದು ಕೈಯಲ್ಲಿದ್ದವರು ಆಡುವ ಮಾತೇ ಅದು. ಹಾಗಾಗಿ ನಿಮ್ಮನ್ನು ಪೂರ್ತಿ ದ್ವೇಷಿಸಲೂ ನನಗೆ ಆಗುತ್ತಿಲ್ಲ. ಕ್ಷಮಿಸಲೂ ಆಗುತ್ತಿಲ್ಲ. ನಾನು ಹಿಡಿದ ಮೊದಲ ಸ್ಲೇಟು ನೀವು ಕೊಡಿಸಿದ್ದು. ಅದೂ ನೆನಪಾಗುತ್ತದೆ, ಮೈ ಉರಿಯುತ್ತದೆ.

ಹನ್ನೆರಡರ ಕಾರ್ಯಕ್ರಮ ನಿಂತಿತು. ಯಜಮಾನರು ಹೌಹಾರಿ ಗೇಟಿಗೆ ಬೀಗ ಹಾಕಿದ್ದಾರೆ. ಬಾವಿ ತುಂಬಿಸಬೇಕು, ಆದರೆ ಅದರ ಅಂಚು ಎಲ್ಲಿಂದ ಎಲ್ಲಿಗೆ ಅಂತ ಯಾರಿಗೂ ತಿಳಿಯದು. ಯಂತ್ರ ತಂದವರು ಹತ್ತಿರ ಹೋಗಲು ಒಪ್ಪುತ್ತಿಲ್ಲ. ಗೊತ್ತಿರುವವರು ನೀವೊಬ್ಬರೇ.

ಬಡಿತದ ಪುಸ್ತಕವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನನ್ನ ಸಹಿ ಹೊಡೆದುಹಾಕಿದ್ದೇನೆ. ಮುಂದಿನ ಪುಟ ಖಾಲಿ ಇದೆ. ಏಳರ ಒಳಗೆರೆ ಹೇಗಿತ್ತು ಅಂತ ನಿಮ್ಮ ಗುಂಡಗಿನ ಅಕ್ಷರದಲ್ಲೇ ಬರೆದು, 1961ರ ತಾರೀಖು ಹಾಕಿ, ಸಹಿ ಮಾಡಿ. ಪುಸ್ತಿಕೆಯ ಕೊನೆಯ ಪುಟ ಅದೇ. ಅದು ಬರುವವರೆಗೆ ನಾನು ಅಚ್ಚಿಗೆ ಕೊಡುವುದಿಲ್ಲ.

ಅಮ್ಮನಿಗೆ ಬಾವಿಯ ವಿಷಯ ಗೊತ್ತು. ಬಾವಿಯನ್ನು ಮುಚ್ಚಿದವರು ಯಾರೆಂದು ಗೊತ್ತಿಲ್ಲ. ತಂತಿಯನ್ನು ನೋಡಿ, "ಅಷ್ಟು ದೂರದಿಂದ ಭಾವನೇ ಕಾಪಾಡಿದ್ರು" ಎನ್ನುತ್ತಿದ್ದಾಳೆ. ನಾನು ಬಾಯಿ ಬಿಟ್ಟಿಲ್ಲ. ಗಡಿಬಿಡಿಯೂ ಬಿಟ್ಟಿಲ್ಲ. ಫೋಟೋ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಅದನ್ನು ಹೊರಗೆ ತೆಗೆಸುವ ಮಾತನ್ನು ನೀವೇ ಅವಳ ಮುಂದೆ ಆಡಬೇಕು.

ಗುಬ್ಬಿ

*

ಏಪ್ರಿಲ್ 21, 1992

ಗುಬ್ಬಿ,

ಹುಡುಗ ಬದುಕಿದ್ದಾನೆ ಎಂಬ ಸಾಲನ್ನು ಓದಿ, ಬಹಳ ಹೊತ್ತು ಮುಂದಿನದನ್ನು ಓದಲಿಲ್ಲ. ಕಾಯಿಸಿದ್ದಕ್ಕೆ ನೀನು ಕೊರಗಬೇಡ. ಹತ್ತು ದಿನ ಏನೂ ಅಲ್ಲ.

ಪುಸ್ತಕ ಬಂತು. ಬರೆದು ಸಹಿ ಹಾಕಿದ್ದೇನೆ. ಕೈ ನಡುಗಿ ಅಕ್ಷರ ಗುಂಡಗಿಲ್ಲ, ಆದರೆ ಓದಲು ಬರುತ್ತದೆ. ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ಮುಂದಿನ ವಾರ ಗುರುವಾರ, ಹನ್ನೊಂದರ ಬಸ್ಸಿಗೆ ಬಂದಿಳಿಯುತ್ತೇನೆ. ನಿಲ್ದಾಣಕ್ಕೆ ಯಾರೂ ಬರಬೇಡಿ, ನಡೆದು ಬರುತ್ತೇನೆ.

ಹಳೆಯ ಕೊಡತಿಗೆ ಹೊಸ ಹಿಡಿ ಹಾಕಿದ್ದೇನೆ. ಬಾವಿಯ ಅಂಚು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಕಿವಿ ಹೋಗಿದೆ. ನಾನು ಬಡಿಯುತ್ತೇನೆ, ಹುಡುಗ ಆಚೆ ನಿಂತು ಕೇಳಿ ಹೇಳಲಿ. ಸದ್ದು ಹೇಗಿದೆ ಎಂದು ಅವನು ಹೇಳಿದ್ದನ್ನು ಈ ಸಲ ನಂಬುತ್ತೇನೆ.

ಅದು ಶುಕ್ರವಾರದ ಕೆಲಸ. ಮೊದಲು ನಿಮ್ಮಮ್ಮ. ನಾನು ಬರುತ್ತೇನೆ ಎಂದಷ್ಟೇ ಅವಳಿಗೆ ಹೇಳು, ಬೇರೇನೂ ಹೇಳಬೇಡ. ಅವಳು ಬಾಗಿಲಲ್ಲಿ ನಿಂತು, "ಬನ್ನಿ ಭಾವ" ಎಂದು ನಗುತ್ತಾಳೆ. ಆಮೇಲೆ ನಾನು ಬಾಯಿ ತೆರೆಯಬೇಕು.

ಕಳೆದ ಪತ್ರಗಳಲ್ಲೆಲ್ಲ ಭಯವೇನಿಲ್ಲ ಎನ್ನುವ ಹಾಗೆ ಬರೆದೆ. ನನಗೆ ತುಂಬ ಭಯವಾಗುತ್ತಿದೆ ಮಗಳೇ. ಬಸ್ಸು ಹತ್ತುತ್ತೇನೆ.

ದೊಡ್ಡಪ್ಪ